ಚಿಕ್ಕವನಿಗೂ ಒಂದು ತಟ್ಟೆ ಇರಲಿ

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೇವೆ. ಕಳೆದ ಜೂನ್‌ನಿಂದ ದೊಡ್ಡ ಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ. ಮಗಳಿಗೆ 12 ವರ್ಷ, ಮಗನಿಗೆ 9. ಕೊನೆಯವನಿಗೆ 3 ತುಂಬಿದೆ. ಮಗಳಿಗೆ ಭಿನ್ನರಾಶಿ ಹೇಳಿಕೊಡಲು ಕೂತರೆ ಇವನು ನೋಟ್‌ಬುಕ್ ಎಳೆಯುತ್ತಾನೆ, ಪೆನ್ಸಿಲ್ ಕಸಿದುಕೊಂಡು ಓಡುತ್ತಾನೆ. ಆಟದ ಸಾಮಾನು ಕೊಟ್ಟರೆ ಐದು ನಿಮಿಷ ಅಷ್ಟೇ. ಕೊನೆಗೆ ಮೊಬೈಲ್ ಕೊಟ್ಟು ಪಾಠ ಮುಗಿಸುತ್ತೇನೆ. ಈಗ ಅದು ದಿನಕ್ಕೆ ಮೂರು ಗಂಟೆ ಆಗಿದೆ. ಕೆಲವು ಸಲ ಮಗಳಿಗೇ ತಮ್ಮನನ್ನು ನೋಡಿಕೋ ಅಂತ ಹೇಳಿ ಮಗನಿಗೆ ಪಾಠ ಮಾಡುತ್ತೇನೆ. ಸ್ವಲ್ಪ ದೊಡ್ಡವನಾಗುವ ತನಕ ಇವನನ್ನು ನನ್ನ ತವರಿನಲ್ಲಿ ಬಿಡೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅವನನ್ನು ತವರಿನಲ್ಲಿ ಬಿಡಬೇಡಿ. ಹಬ್ಬಕ್ಕೆ, ಜಾತ್ರೆಗೆ ಅಜ್ಜಿ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಲಿ, ಅದು ಬೇರೆ. ಅಕ್ಕ ಅಣ್ಣನ ಪಾಠಕ್ಕೆ ಅಡ್ಡಿ ಅಂತ ಮೂರು ವರ್ಷದ ಮಗುವನ್ನು ತಿಂಗಳುಗಟ್ಟಲೆ ಅಮ್ಮನಿಂದ ದೂರ ಇಡುವುದು ಬೇಡ. ಇದು ಅಷ್ಟು ದೂರ ಹೋಗಬೇಕಾದ ಕಷ್ಟವಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ಚಿಕ್ಕವನಿಗೆ ಏನು ಕೊಟ್ಟು ಕೂರಿಸಲಿ ಎನ್ನುವುದು ನಿಮ್ಮ ಚಿಂತೆ. ನನಗೆ ಕಂಡ ತೊಂದರೆ ಬೇರೆ. ಮಗಳ ಭಿನ್ನರಾಶಿಗೆ ನೀವು ಬೇಕು, ಮಗನ ಓದಿಗೆ ನೀವು ಬೇಕು, ಚಿಕ್ಕವನಿಗೆ ಎಲ್ಲದಕ್ಕೂ ನೀವು ಬೇಕು. ಅದೂ ಮೂವರಿಗೂ ಒಂದೇ ಹೊತ್ತಿಗೆ. ಇದನ್ನು ಬಿಡಿಸದೆ ಅಂಗಡಿಯಿಂದ ಎಷ್ಟು ಆಟಿಕೆ ತಂದರೂ ಐದು ನಿಮಿಷವೇ.

ನಾನು ಸರ್ಕಾರಿ ಶಾಲೆಯಲ್ಲಿ ಬಹಳ ವರ್ಷ ನಲಿ-ಕಲಿ ತರಗತಿ ನಡೆಸಿದವಳು. ನಿಮ್ಮ ಮನೆಯ ಕಷ್ಟ ಆ ಕೋಣೆಯಲ್ಲಿ ದಿನವೂ ಇತ್ತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಟೀಚರ್ ಒಬ್ಬರೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಇದಕ್ಕೊಂದು ದಾರಿ ಹುಡುಕಿದರು. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಮಾಡಿಕೊಂಡರು. ಅದೇ ಮುಂದೆ ರಾಜ್ಯದ ಶಾಲೆಗಳಿಗೆಲ್ಲ ಬಂದ ನಲಿ-ಕಲಿ.

ಅದರ ಹಾಡು, ಕಾರ್ಡು, ಕಲಿಕಾ ಏಣಿ ಎಲ್ಲ ನೆನಪಿರುವವರು ಬಹಳ ಜನ. ನನಗೆ ಅತಿ ದೊಡ್ಡದು ಅನಿಸಿದ್ದು ಅದರ ತಟ್ಟೆಗಳು. ತಟ್ಟೆ ಅಂದರೆ ಮಕ್ಕಳು ಸುತ್ತ ಕೂರುವ ಜಾಗ. ಯಾವ ಮಗು ಯಾವ ತಟ್ಟೆಗೆ ಹೋಗಬೇಕು ಎನ್ನುವುದು ಅದರ ವಯಸ್ಸಿನ ಮೇಲೆ ಇಲ್ಲ. ಅದು ಆಗ ಮಾಡುತ್ತಿರುವ ಕೆಲಸಕ್ಕೆ ಟೀಚರ್ ಎಷ್ಟು ಬೇಕು ಎನ್ನುವುದರ ಮೇಲೆ. ಹೊಸ ವಿಷಯವಾದರೆ ಟೀಚರ್ ಪೂರ್ತಿ ಜೊತೆಗಿರುವ ತಟ್ಟೆ. ಸ್ವಲ್ಪ ಗೊತ್ತಾದ ಮೇಲೆ ಆಗಾಗ ನೋಡಿದರೆ ಸಾಕಾಗುವ ತಟ್ಟೆ. ಇನ್ನೊಂದು ಜೊತೆಯವರ ಸಹಾಯದ್ದು. ಮತ್ತೊಂದು ತಾನೇ ಕಲಿಯುವುದು. ಹೀಗಾಗಿ ಒಂದು ಹೊತ್ತಿನಲ್ಲಿ ಟೀಚರ್ ಪೂರ್ತಿಯಾಗಿ ಬೇಕಾದವರು ನಾಲ್ಕೈದು ಮಕ್ಕಳು ಮಾತ್ರ. ಉಳಿದವರು ಸುಮ್ನೆ ಕೂತಿರುತ್ತಿರಲಿಲ್ಲ, ಅವರಿಗೂ ಕೆಲಸ ಇತ್ತು. ಆದರೆ ಆ ಕೆಲಸಕ್ಕೆ ಆಗ ನಾನು ಬೇಕಿರಲಿಲ್ಲ.

ನಿಮ್ಮ ಮನೆಯಲ್ಲೂ ಇದನ್ನೇ ಮಾಡೋಣ.

ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಮಗಳು, ಮಗ ವಾರದಲ್ಲಿ ಮಾಡುವ ಕೆಲಸವನ್ನೆಲ್ಲ ಬರೆಯಿರಿ. ಗಣಿತ, ಕನ್ನಡ ಅಂತ ವಿಷಯದ ಹೆಸರು ಬೇಡ, ಕೆಲಸದ ಹೆಸರು ಬರೆಯಿರಿ. ಭಿನ್ನರಾಶಿಯ ಹೊಸ ಲೆಕ್ಕ ಕಲಿಯುವುದು. ಕಲಿತ ಲೆಕ್ಕವನ್ನು ಹತ್ತು ಸಲ ಮಾಡುವುದು. ಪಾಠ ಓದಿ ಪ್ರಶ್ನೆಗೆ ಉತ್ತರ ಬರೆಯುವುದು. ಇಂಗ್ಲಿಷ್ ಗಟ್ಟಿಯಾಗಿ ಓದುವುದು. ನಕಾಶೆ ಬಿಡಿಸುವುದು. ಪ್ರತಿಯೊಂದರ ಮುಂದೆ 'ಅಮ್ಮ ಬೇಕು', 'ಅಮ್ಮ ಹತ್ತಿರ ಇದ್ದರೆ ಸಾಕು', 'ಅಮ್ಮ ಬೇಡ' ಅಂತ ಗುರುತು ಹಾಕಿ. ಮೊದಲನೆಯ ಗುಂಪು ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ. ನಾನು ನೋಡಿದ ಮನೆಗಳಲ್ಲಿ 12 ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ, 9 ವರ್ಷದವನಿಗೆ ಮುಕ್ಕಾಲು ಗಂಟೆ ಅಮ್ಮ ಪೂರ್ತಿ ಸಿಕ್ಕರೆ ಸಾಕಾಗಿದೆ. ಅದೂ ಒಂದೇ ಸಲಕ್ಕೆ ಅಲ್ಲ, ತುಂಡು ತುಂಡಾಗಿ.

ಅಷ್ಟು ಸಾಕಾ ಅಂತ ನಿಮಗೆ ಅನಿಸಬಹುದು. ಶಾಲೆಯ ಲೆಕ್ಕ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ. ದಿನಕ್ಕೆ ನಾಲ್ಕೂವರೆ ಗಂಟೆ ಆಯಿತು. 35 ಮಕ್ಕಳಿಗೆ ಒಬ್ಬರು ಟೀಚರ್ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆ ನಾಲ್ಕೂವರೆ ಗಂಟೆಯಲ್ಲಿ ಒಂದು ಮಗುವಿನ ಪಾಲಿಗೆ ಟೀಚರ್ ಎಷ್ಟು ನಿಮಿಷ ಸಿಗುತ್ತಾರೆ? ನಿಮ್ಮ ಮಗಳಿಗೆ ನೀವು ಒಂದು ಗಂಟೆ ಪೂರ್ತಿ ಕೊಟ್ಟರೆ ಅದು ಸಣ್ಣದಲ್ಲ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಮನೆಯಲ್ಲಿ ಶಾಲೆ ನಡೆಸುವ ಆಸೆ ಬಿಟ್ಟುಬಿಡಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಇನ್ನು ಚಿಕ್ಕವನ ವಿಷಯ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನ ಸರದಿ. ತಿಂಡಿ ಆದ ಮೇಲೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿ, ಪೂರ್ತಿ ಅವನ ಜೊತೆ ನೆಲದ ಮೇಲೆ ಕೂರಿ. ಪಾತ್ರೆ ತೊಳೆಯುತ್ತಾ ಮಾತಾಡುವುದಲ್ಲ, ಕೂರುವುದು. ಕಥೆ ಹೇಳಿ, ಆನೆ ಬಂತೊಂದಾನೆ ಆಡಿ, ಅವನು ಕಟ್ಟಿದ್ದನ್ನು ನೋಡಿ. ದೊಡ್ಡವರು ಆ ಹೊತ್ತಿನಲ್ಲಿ 'ಅಮ್ಮ ಬೇಡ' ಕೆಲಸ ಮಾಡಲಿ. ಬಹಳ ಮನೆಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಮೊದಲು ದೊಡ್ಡವರ ಪಾಠ, ಚಿಕ್ಕವನು ಗಲಾಟೆ ಮಾಡಿದಾಗ ಮಾತ್ರ ಅವನ ಕಡೆ ತಿರುಗುವುದು. ಆಗ ಅವನು ಕಲಿಯುವ ಪಾಠ ಒಂದೇ: ನೋಟ್‌ಬುಕ್ ಎಳೆದರೆ ಅಮ್ಮ ಸಿಗುತ್ತಾಳೆ. ಹೊಟ್ಟೆ ತುಂಬಿದ ಮಗು ಅಡುಗೆಮನೆ ಬಾಗಿಲಲ್ಲಿ ನಿಂತು ಅಳುವುದಿಲ್ಲ, ಅಲ್ವಾ? ಇದೂ ಹಾಗೇ.

ಅದಾದ ಮೇಲೆ ಅವನಿಗೂ ಒಂದು ತಟ್ಟೆ ಕೊಡಿ. ನಾನು ನಿಜವಾದ ತಟ್ಟೆಯ ಮಾತೇ ಆಡುತ್ತಿದ್ದೇನೆ. ಅಂಚು ಎತ್ತರ ಇರುವ ದೊಡ್ಡ ತಟ್ಟೆ ಅಥವಾ ಮೊರ. ಅಕ್ಕನ ಪಕ್ಕದಲ್ಲೇ ಅದರ ಜಾಗ. ಬೇರೆ ಕೋಣೆಯಲ್ಲಿ ಕೂರಿಸಿದರೆ ಅವನು ಎದ್ದು ಬಂದೇ ಬರುತ್ತಾನೆ. ಅವನಿಗೆ ಬೇಕಾಗಿರುವುದು ಆಟಿಕೆಯಲ್ಲ, ನೀವೆಲ್ಲ ಸೇರಿ ಮಾಡುತ್ತಿರುವ ಆ ದೊಡ್ಡ ಕೆಲಸದಲ್ಲಿ ಒಂದು ಪಾಲು.

ತಟ್ಟೆಯಲ್ಲಿ ಏನಿಡಬೇಕು? ನಿಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ. ಒಂದು ದಿನ ಚಪಾತಿ ಹಿಟ್ಟಿನ ಎರಡು ಉಂಡೆ, ಒಂದಕ್ಕೆ ಅರಿಶಿನ ಹಾಕಿ. ಒಂದು ದಿನ ಪಾವು, ಚಟಾಕು, ಲೋಟ, ಚಮಚ ಮತ್ತು ಸೇರಿನಷ್ಟು ರಾಗಿ. ಸುರಿಯುವುದು, ಅಳೆಯುವುದು, ಮತ್ತೆ ಸುರಿಯುವುದು. ಇನ್ನೊಂದು ದಿನ ಬಟ್ಟೆ ಕ್ಲಿಪ್ಪು ಮತ್ತು ಒಂದು ರಟ್ಟು, ಅಂಚಿಗೆಲ್ಲ ಸಿಕ್ಕಿಸಲಿ. ಬಿಸಿಲಿದ್ದರೆ ಜಗಲಿಯಲ್ಲಿ ಒಂದು ಬಟ್ಟಲು ನೀರು, ಹಳೆಯ ಪೇಂಟ್ ಬ್ರಷ್. ಗೋಡೆಗೆ, ಕಟ್ಟೆಗೆ ನೀರಿನ ಬಣ್ಣ ಬಳಿಯಲಿ. ಒಣಗುತ್ತದೆ, ಮತ್ತೆ ಬಳಿಯುತ್ತಾನೆ. ಸ್ಲೇಟು ಬಳಪ ಅಂತೂ ಅವನದೇ ಆಗಿರಲಿ, ಅಕ್ಕನ ಪೆನ್ಸಿಲ್ ಕಸಿಯುವ ಹುಡುಗನಿಗೆ ಮೊದಲು ಕೊಡಬೇಕಾದದ್ದು ಅದು. ನಲಿ-ಕಲಿ ಕೋಣೆಯಲ್ಲಿ ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಗೆಟುಕುವ ಹಾಗೆ ಕರಿಹಲಗೆ ಬಳಿದಿರುತ್ತಿದ್ದರು. ನಿಮ್ಮ ಮನೆಯ ಒಂದು ಗೋಡೆಗೆ ಎರಡಡಿ ಎತ್ತರದ ತನಕ ಕಪ್ಪು ಬಣ್ಣ ಹೊಡೆಸಿ. ಒಂದು ಸಲದ ಖರ್ಚು, ವರ್ಷಗಟ್ಟಲೆ ಉಪಯೋಗ.

ಅವರೆಕಾಯಿ ಕಾಲದಲ್ಲಂತೂ ನಿಮಗೆ ಚಿಂತೆಯೇ ಬೇಡ. ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಒತ್ತಿ ಬೇಳೆ ಚಿಮ್ಮಿಸುವ ಕೆಲಸವನ್ನು ಮೂರು ವರ್ಷದ ಮಗು ಎಷ್ಟು ಹೊತ್ತು ಮಾಡುತ್ತದೆ ನೋಡಿ! ಹತ್ತು ಕಾಳಲ್ಲಿ ಆರು ನೆಲಕ್ಕೆ ಬೀಳುತ್ತವೆ. ಬೀಳಲಿ. ಮಧ್ಯಾಹ್ನ ಊಟಕ್ಕೆ ಕೂತಾಗ 'ಈ ಹಿತಕವರೆ ಸಾರಿಗೆ ಬೇಳೆ ಬಿಡಿಸಿದ್ದು ಇವನೇ' ಅಂತ ಎಲ್ಲರ ಎದುರು ಹೇಳಿ. ಮಕ್ಕಳಿಗೆ ನಿಜವಾದ ಕೆಲಸದ ಮೇಲೆ ಇರುವಷ್ಟು ಪ್ರೀತಿ ಪ್ಲಾಸ್ಟಿಕ್ ಕಾರಿನ ಮೇಲೆ ಇರುವುದಿಲ್ಲ.

ಐದಾರು ತಟ್ಟೆ ಯೋಚಿಸಿಟ್ಟುಕೊಳ್ಳಿ, ಆದರೆ ದಿನಕ್ಕೆ ಎರಡೇ ಹೊರಗೆ ಬರಲಿ. ಪಾಠದ ಹೊತ್ತು ಮುಗಿದ ಕೂಡಲೇ ಎತ್ತಿಡಿ. ದಿನವಿಡೀ ಕೈಗೆ ಸಿಕ್ಕುವ ಸಾಮಾನಿಗೆ ಮೂರನೇ ದಿನಕ್ಕೆ ಬೆಲೆ ಇರುವುದಿಲ್ಲ. ಮೂರು ವರ್ಷದವನು ಒಂದು ತಟ್ಟೆಯಲ್ಲಿ ಹದಿನೈದು ನಿಮಿಷ ಕೂತರೆ ಚೆನ್ನಾಗಿ ಕೂತ ಅಂತಲೇ ಲೆಕ್ಕ. ಅದಕ್ಕಿಂತ ಜಾಸ್ತಿ ಕೇಳಬೇಡಿ. ಭಿನ್ನರಾಶಿಯ ಒಂದು ಹೊಸ ವಿಷಯ ಹೇಳಿಕೊಡಲು ಹದಿನೈದು ನಿಮಿಷ ಸಾಕು. ಮತ್ತೆ ಅವನ ಹತ್ತಿರ ಐದು ನಿಮಿಷ ಕೂತು ಬನ್ನಿ. ಆಗ ಮಗಳು ತಾನೇ ಲೆಕ್ಕ ಮಾಡಲಿ.

ಇಲ್ಲಿ ಕೆಲವು ವಿಷಯ ಗಟ್ಟಿಯಾಗಿ ಹೇಳಬೇಕು. ತಟ್ಟೆ ಯಾವಾಗಲೂ ನಿಮ್ಮ ಕಣ್ಣೆದುರಿಗೇ ಇರಬೇಕು. ಇಡೀ ಶೇಂಗಾ, ಹುಣಸೆ ಬೀಜ, ಗೋಲಿ ಇವು ಆ ವಯಸ್ಸಿನ ಮಗುವಿನ ಉಸಿರುನಾಳದಲ್ಲಿ ಸಿಕ್ಕಿಕೊಳ್ಳಬಹುದು, ಕೊಡಲೇಬೇಡಿ. ರಾಗಿ, ಅವರೆಕಾಳು ಕೂಡ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಅಭ್ಯಾಸ ಇರುವ ಮಗುವಾದರೆ ಈಗ ಬೇಡ, ಹಿಟ್ಟು ಮತ್ತು ಬ್ರಷ್ ಸಾಕು. ಗುಲಗಂಜಿ ನೋಡಲು ಚೆಂದ, ಆದರೆ ಅದನ್ನು ಅಗಿದರೆ ಒಳಗಿನ ವಿಷ ಜೀವಕ್ಕೇ ಅಪಾಯ. ಚೆನ್ನೆಮಣೆ ಆಡಲು ಮನೆಯಲ್ಲಿ ಇಟ್ಟಿದ್ದರೆ ಮೇಲಿನ ಅಟ್ಟಕ್ಕೆ ಸೇರಿಸಿ. ಆಟಿಕೆ, ರಿಮೋಟ್ ಒಳಗಿನ ಗುಂಡಿಯಂಥ ಸೆಲ್ ಕೂಡ ಹಾಗೆಯೇ. ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಡಬಲ್ಲದು. ನೀರಾಟ ಆದ ಮೇಲೆ ಬಕೆಟ್ ಖಾಲಿ ಮಾಡಿ ಕವುಚಿಡಿ.

ಮಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಒಂದು ಸಾಲು, 'ತಮ್ಮನನ್ನು ನೋಡಿಕೋ'. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಶಾಲೆಗೆ ಬರುವ ಹುಡುಗಿಯರಿದ್ದರು. ಮಗು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದರು. ಸ್ವಲ್ಪ ದಿನ ಬರುತ್ತಿದ್ದರು, ಆಮೇಲೆ ಬರುತ್ತಲೇ ಇರಲಿಲ್ಲ. ಮನೆಗೆ ಹೋಗಿ ಕೇಳಿದರೆ 'ಚಿಕ್ಕದನ್ನು ನೋಡಿಕೊಳ್ಳಬೇಕಲ್ಲ ಟೀಚರ್' ಅನ್ನುವ ಉತ್ತರ. ಹುಡುಗರ ಮನೆಯಲ್ಲಿ ಆ ಉತ್ತರ ನಾನು ಕೇಳಿದ್ದು ಬಹಳ ಕಡಿಮೆ. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ನಿಮ್ಮ ಮನೆ ಅಂಥದ್ದಲ್ಲ ಎನ್ನುವುದು ನನಗೆ ಗೊತ್ತು. ಮಗಳ ಓದಿಗಾಗಿಯೇ ನೀವು ಇಷ್ಟು ಒದ್ದಾಡುತ್ತಿದ್ದೀರಿ. ಆದರೂ ಶಾಲೆಗೆ ಹೋಗುವ ಮಗುವಿಗೆ ಕನಿಷ್ಠ ಆ ಹೊತ್ತಾದರೂ ತನ್ನದಾಗಿರುತ್ತದೆ. ಮನೆಯಲ್ಲೇ ಕಲಿಯುವ ಹುಡುಗಿಗೆ ಅದೂ ಇಲ್ಲ, ಕರೆದ ಕೂಡಲೇ ಸಿಗುತ್ತಾಳೆ. ಅದಕ್ಕೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಅವಳ ಪಾಠದ ಹೊತ್ತಿನಲ್ಲಿ ತಮ್ಮನ ಕೆಲಸ ಅವಳಿಗೆ ಹೇಳುವಂತಿಲ್ಲ. ದಿನಕ್ಕೊಂದು ಸಲ, ಇಪ್ಪತ್ತು ನಿಮಿಷ, ಮೊದಲೇ ಗೊತ್ತಿರುವ ಹೊತ್ತಿಗೆ ಅವಳು ತಮ್ಮನ ಜೊತೆ ಇರಲಿ. ಅಷ್ಟೇ ಹೊತ್ತು 9 ವರ್ಷದ ಮಗನೂ ಇರಬೇಕು. ಅವನಿಗೆ ಇದು ಕಷ್ಟದ ಕೆಲಸವೇನಲ್ಲ. ತಮ್ಮನಿಗೆ ಒಂದನೇ ತರಗತಿಯ ಪುಸ್ತಕದ ಪದ್ಯ ಓದಿ ಹೇಳಲಿ, ಅವನ ಗಟ್ಟಿ ಓದಿನ ಅಭ್ಯಾಸವೂ ಆಯಿತು. ನಲಿ-ಕಲಿಯಲ್ಲಿ ಜೊತೆಯವರ ಸಹಾಯದ ತಟ್ಟೆ ಇದ್ದದ್ದು ಇದಕ್ಕೇ. ಇನ್ನೊಬ್ಬರಿಗೆ ಹೇಳಿಕೊಡುವಾಗ ತನಗೆ ಎಲ್ಲಿ ತಿಳಿದಿಲ್ಲ ಎನ್ನುವುದು ಮಗುವಿಗೇ ಗೊತ್ತಾಗುತ್ತದೆ.

ಮಗಳಿಗೆ ಇನ್ನೊಂದು ಅಭ್ಯಾಸ ಕಲಿಸಿ. ಲೆಕ್ಕ ಮಾಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕೂಡಲೇ ಅಮ್ಮಾ ಅಂತ ಕರೆಯುವುದು ಬೇಡ. ಆ ಲೆಕ್ಕದ ಪಕ್ಕ ಒಂದು ನಕ್ಷತ್ರ ಹಾಕಿ, ಏನು ತಿಳಿಯಲಿಲ್ಲ ಅಂತ ಒಂದು ಸಾಲು ಬರೆದು ಮುಂದಿನದಕ್ಕೆ ಹೋಗಲಿ. ಚಿಕ್ಕವನು ಮಧ್ಯಾಹ್ನ ಮಲಗಿದಾಗ ನಕ್ಷತ್ರಗಳನ್ನೆಲ್ಲ ಒಟ್ಟಿಗೆ ನೋಡಿ. ಅವುಗಳಲ್ಲಿ ಅರ್ಧ ಅಷ್ಟರಲ್ಲಿ ಅವಳಿಗೇ ಬಿಡಿಸಿರುತ್ತದೆ. ತನ್ನ ಅನುಮಾನವನ್ನು ಒಂದು ಸಾಲಿನಲ್ಲಿ ಬರೆಯಲು ಬರುವುದು ದೊಡ್ಡ ಕಲಿಕೆ. ಮೂರು ವರ್ಷದವನ ಮಧ್ಯಾಹ್ನದ ನಿದ್ದೆ ನಿಮ್ಮ ದಿನದ ಬಂಗಾರದ ಹೊತ್ತು. ಅದನ್ನು ಬಟ್ಟೆ ಮಡಿಸಲು ಕಳೆಯಬೇಡಿ. ಅತಿ ಕಷ್ಟದ ಪಾಠ ಆಗ ಇರಲಿ. ಬಟ್ಟೆಯನ್ನು ಅವನು ಎದ್ದ ಮೇಲೆ ಅವನ ಜೊತೆಯೇ ಮಡಿಸಿ, ಕರವಸ್ತ್ರ ಅವನ ಪಾಲಿಗೆ.

ಮೊಬೈಲ್ ಬಗ್ಗೆ ನಿಮ್ಮನ್ನು ಬೈಯುವುದಿಲ್ಲ. ಬೇರೆ ದಾರಿ ಕಾಣದಾಗ ಎಲ್ಲರೂ ಅದನ್ನೇ ಕೊಡುತ್ತಾರೆ. ಆದರೆ ಮೂರು ಗಂಟೆ ನಿಜಕ್ಕೂ ಜಾಸ್ತಿ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದೇ ಸಂಸ್ಥೆ 3-4 ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತದೆ. ಒಂದೇ ದಿನಕ್ಕೆ ನಿಲ್ಲಿಸಲು ಹೋದರೆ ಮನೆ ರಣರಂಗ ಆಗುತ್ತದೆ. ಈ ವಾರ ಬೆಳಗಿನ ಮೊಬೈಲ್ ಮಾತ್ರ ತೆಗೆಯಿರಿ, ಅಲ್ಲಿಗೆ ತಟ್ಟೆ ಬರಲಿ. ಮೊದಲ ನಾಲ್ಕೈದು ದಿನ ಅಳುತ್ತಾನೆ. ಆ ದಿನಗಳಲ್ಲಿ ದೊಡ್ಡವರಿಗೆ ಹೊಸ ಪಾಠ ಇಟ್ಟುಕೊಳ್ಳಬೇಡಿ, ಹಳೆಯದನ್ನೇ ಮಾಡಲಿ. ಕೊನೆಗೆ ದಿನಕ್ಕೆ ಅರ್ಧ ಗಂಟೆ ಮೊಬೈಲ್ ಉಳಿಸಿಕೊಂಡರೆ ಅದು ನೀವು ಅಡುಗೆ ಮಾಡುವ ಹೊತ್ತಿಗಿರಲಿ. ಪಾಠದ ಹೊತ್ತಿಗೂ ಮೊಬೈಲ್‌ಗೂ ನಂಟು ಕಡಿಯಬೇಕು. ಇಲ್ಲದಿದ್ದರೆ ಅಕ್ಕ ಪುಸ್ತಕ ತೆರೆದ ಕೂಡಲೇ ಅವನು ಕೈ ಚಾಚುತ್ತಾನೆ.

ಮನೆಯ ಹತ್ತಿರ ಅಂಗನವಾಡಿ ಇದೆಯೇ? ಪತ್ರದಲ್ಲಿ ನೀವು ಬರೆದಿಲ್ಲ. ಇದ್ದರೆ ಚಿಕ್ಕವನನ್ನು ಸೇರಿಸಿ. ಮೂರು ತುಂಬಿದೆ, ಅದು ಅವನ ವಯಸ್ಸಿನವರಿಗೇ ಇರುವ ಜಾಗ. ದೊಡ್ಡವರು ಮನೆಯಲ್ಲಿ ಕಲಿಯುತ್ತಾರೆ ಅಂದ ಮಾತ್ರಕ್ಕೆ ಚಿಕ್ಕವನೂ ಮನೆಯಲ್ಲೇ ಇರಬೇಕು ಅಂತೇನಿಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ ಅಲ್ಲಿ ಹಾಡಿ, ಆಡಿ, ಓರಗೆಯ ಮಕ್ಕಳ ಜೊತೆ ಉಂಡು ಬರುತ್ತಾನೆ. ತವರಿಗೆ ಕಳಿಸಬೇಡಿ ಅಂದೆ, ಅಂಗನವಾಡಿಗೆ ಕಳಿಸಿ ಅನ್ನುತ್ತಿದ್ದೇನೆ. ಅಲ್ಲಿಂದ ಅವನು ಮಧ್ಯಾಹ್ನಕ್ಕೆ ಮನೆಗೆ ಬರುತ್ತಾನೆ, ವ್ಯತ್ಯಾಸ ಅದು.

ದಿನದಲ್ಲಿ ಒಂದು ಹೊತ್ತು ಮೂವರೂ ಒಂದೇ ತಟ್ಟೆಯ ಸುತ್ತ ಕೂರುವ ಹಾಗೆ ಇರಲಿ. ನನಗೆ ಇಷ್ಟವಾದದ್ದು ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದು ಮನೆ. ಮನೆ ಬರೆಯುವುದು ಮಗನ ಕೆಲಸ, ಎಲ್ಲ ಚೌಕವೂ ಒಂದೇ ಅಳತೆ ಬರಬೇಕು. ಚಿಕ್ಕವನು ದೊಡ್ಡ ಕವಡೆಗಳನ್ನು ಎಸೆಯಲಿ, ಅವು ನಿಮ್ಮ ಕೈಯಿಂದ ಹೋಗಿ ನಿಮ್ಮ ಕೈಗೇ ಬರಲಿ. ಎಷ್ಟು ಅಂಗಾತ ಬಿದ್ದಿವೆ ಅಂತ ಎಣಿಸುವುದು ಅವನ ಎಣಿಕೆ ಪಾಠ. ನಾಲ್ಕೂ ಬೋರಲು ಬಿದ್ದರೆ ಅದು ಎಂಟು. ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ನೂರು ಸಲ ಎಸೆದಾಗ ಎರಡು ಎಷ್ಟು ಸಲ ಬಿತ್ತು, ನಾಲ್ಕು ಎಷ್ಟು ಸಲ, ಎಂಟು ಎಷ್ಟು ಸಲ ಅಂತ ಬರೆಯಲಿ. ನಾಲ್ಕು ಕವಡೆ, ಒಂದೊಂದಕ್ಕೆ ಎರಡು ಮಗ್ಗುಲು. ಒಟ್ಟು 16 ಬಗೆಯಲ್ಲಿ ಬೀಳಬಹುದು. ಎರಡೂ ಮಗ್ಗುಲು ಸರಿಸಮ ಬೀಳುವುದಾದರೆ 16ರಲ್ಲಿ 6 ಬಗೆ ಎರಡಕ್ಕೆ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ನಾಲ್ಕಕ್ಕೆ ಒಂದೇ ಬಗೆ, ಎಂಟಕ್ಕೂ ಒಂದೇ. ಎಂಟು ಬೀಳುವುದು ಹದಿನಾರರಲ್ಲಿ ಒಂದು ಪಾಲು ಅಂತ ಅವಳು ತಾನೇ ಕಂಡುಕೊಂಡ ದಿನ ಭಿನ್ನರಾಶಿಯ ಭಯ ಅರ್ಧ ಇಳಿಯುತ್ತದೆ. ಆಮೇಲೆ ಕೇಳಿ, ನಮ್ಮ ಕವಡೆಗಳು ಹಾಗೇ ಬೀಳುತ್ತಿವೆಯಾ, ಇಲ್ಲ ಅಂದರೆ ಯಾಕೆ? ಕವಡೆಯ ಎರಡು ಮಗ್ಗುಲು ಒಂದೇ ಆಕಾರ ಅಲ್ಲವಲ್ಲ. ಇದು ಪುಸ್ತಕದಲ್ಲಿ ಮುಂದೆ ಬರುವ ಪಾಠ, ಅವಳಿಗೆ ಈಗಲೇ ಕೈಗೆ ಸಿಕ್ಕಿತು.

ನಿಮ್ಮ ಆತುರದ ಹಿಂದೆ ಪರೀಕ್ಷೆಯ ಭಯ ಇರಬಹುದು ಅನಿಸಿತು. ಮನೆಯಲ್ಲೇ ಓದಿ ಪರೀಕ್ಷೆ ಬರೆಯಲು ರಾಷ್ಟ್ರೀಯ ಮುಕ್ತ ಶಾಲೆ (NIOS) ಇದೆ. ಅದರ 10ನೇ ತರಗತಿಗೆ ಸೇರಲು 14 ತುಂಬಿರಬೇಕು. ಸೇರಿದ ಮೇಲೆ 5 ವರ್ಷ ಕಾಲ ಇರುತ್ತದೆ, 9 ಸಲ ಪರೀಕ್ಷೆ ಬರೆಯಲು ಅವಕಾಶ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಎಲ್ಲ ವಿಷಯವನ್ನೂ ಒಟ್ಟಿಗೆ ಬರೆಯಬೇಕು ಅಂತಿಲ್ಲ. ಅಂದರೆ ನಿಮ್ಮ ಮಗಳಿಗೆ ಇನ್ನೂ ಎರಡು ವರ್ಷ ಇದೆ. ಅಷ್ಟರಲ್ಲಿ ಚಿಕ್ಕವನಿಗೆ 5 ಆಗಿರುತ್ತದೆ, ತಾನೇ ಕೂತು ಬರೆಯುತ್ತಿರುತ್ತಾನೆ. ನೀವು ದಾಟಬೇಕಾದದ್ದು ಈ ಎರಡು ವರ್ಷ ಮಾತ್ರ. ಇಬ್ಬರು ದೊಡ್ಡವರ ನೋಟ್‌ಬುಕ್‌ಗಳನ್ನು ತಾರೀಕು ಹಾಕಿ ಜೋಪಾನ ಮಾಡಿ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದರಿಂದ, ಶಾಲೆ ಬಿಟ್ಟ ಮಕ್ಕಳ ಲೆಕ್ಕ ತೆಗೆಯಲು ಯಾರಾದರೂ ಬಂದಾಗ ಮಕ್ಕಳ ಕಲಿಕೆಯನ್ನು ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು.

ಕೊನೆಗೆ ಮಳೆಗಾಲದ ಮಾತು. ನಿಮ್ಮ ಕಡೆ ಜುಲೈನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕರೆಂಟ್ ಇರುವುದಿಲ್ಲ, ಚಿಕ್ಕವನಿಗೆ ನೆಗಡಿ, ಅಂಗನವಾಡಿಗೆ ಹೋಗಲಾಗುವುದಿಲ್ಲ. ಅಂಥ ದಿನಗಳಿಗೆ ಒಂದು ಸಣ್ಣ ಪಟ್ಟಿ ಈಗಲೇ ಬರೆದು ಗೋಡೆಗೆ ಅಂಟಿಸಿ. ಮಗಳಿಗೆ ಐದು ಲೆಕ್ಕ, ಮಗನಿಗೆ ಒಂದು ಪುಟ ಓದು. ಆಮೇಲೆ ಒಲೆಯ ಹತ್ತಿರ ಎಲ್ಲರೂ ಸೇರಿ ಕೂತು ನೀವು ಒಂದು ಕಥೆ ಓದಿ ಹೇಳುವುದು, ಚಿಕ್ಕವನು ತೊಡೆಯ ಮೇಲೆ. ಅಷ್ಟಾದರೆ ಆ ದಿನದ ಪಾಠ ಆಯಿತು ಅಂತ ಪುಸ್ತಕ ಮುಚ್ಚಿಡಿ.